ಉಪವಾಸ ಹಿಡಿಯುವವನಿಗೆ ಔಷಧಿ ಯಾಕೆ?

ಔಷಧಿ ಮಂಜೂರಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡ ವಾಲೇರಿಯು ಅವರಿಗೆ ಕೊಡುತ್ತಿದ್ದ, ತಿನ್ನುವ ಚಪಲ ತಗ್ಗಿಸುವ ಚುಚ್ಚುಮದ್ದನ್ನು ತಾವು ನಿಲ್ಲಿಸಿದಿರಿ. ಅವರು ತೀರಿಕೊಂಡರು. ಇದನ್ನು ಬರೆಯುವಾಗ ನನಗೆ ಸಿಟ್ಟೂ ಬರುತ್ತಿಲ್ಲ, ಅಳುವೂ ಬರುತ್ತಿಲ್ಲ. ಒಲೆಯ ಮೇಲೆ ಗೋಧಿ ಬೇಯುತ್ತಿದೆ, ನೋಡುತ್ತಾ ಕೂತಿದ್ದೇನೆ.

ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾದರೆ ಮೊದಲು ತೂಕ ಇಳಿಯಬೇಕು ಎಂದು ಡಾಕ್ಟರು ಹೇಳಿದ್ದರು. ಚುಚ್ಚುಮದ್ದು ಶುರುವಾದ ಮೇಲೆ ಇಳಿಯುತ್ತಾ ಬಂತು. ಮೇಜಿನ ಮೇಲೆ ಅಕ್ರೋಟು ತುಂಬಿದ ಸಿಹಿ ಬ್ರೆಡ್ಡು ಇದ್ದರೂ ಅವರು ಪತ್ರಿಕೆ ಓದುತ್ತಾ ಕೂತಿರುತ್ತಿದ್ದರು. ತಲೆಯೊಳಗೆ ಯಾರೋ ರೇಡಿಯೋ ಆರಿಸಿದ ಹಾಗಿದೆ ಎನ್ನುತ್ತಿದ್ದರು. ಅವರು ನೆಮ್ಮದಿಯಾಗಿ ಇದ್ದದ್ದನ್ನು ನಾನು ನೋಡಿದ್ದೇ ಆಗ.

ಮದ್ದು ಮುಂದುವರಿಸಿ ಎಂದು ಕೇಳಲು ತಮ್ಮ ಕಚೇರಿಗೆ ಬಂದೆವು. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಹಿಡಿಯುತ್ತೀರಾ ಎಂದು ತಾವು ವಿಚಾರಿಸಿದಿರಿ. ಈ ದೇಶದಲ್ಲಿ ಆ ಪ್ರಶ್ನೆಗೆ ಜಂಬಪಡದೆ ಉತ್ತರಿಸುವವರು ಯಾರಿದ್ದಾರೆ? ಪಾಪದ ಮನುಷ್ಯ ಎದೆಯುಬ್ಬಿಸಿ, ಮಾಂಸ, ಮೊಟ್ಟೆ, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ, ಚಿಕ್ಕಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ ಎಂದರು. "ಇಷ್ಟು ಗಟ್ಟಿ ಮನಸ್ಸಿದ್ದವರಿಗೆ ಔಷಧಿ ಯಾಕ್ರೀ?" ಎಂದು ಕಡತ ಮುಚ್ಚಿದಿರಿ. ಆಹಾ, ಎಂಥ ಪತ್ತೇದಾರಿಕೆ. ತಾವು ಎಂದಾದರೂ ಕನ್ನಡಕ ತೆಗೆದಿಟ್ಟು ಬರೀ ಮನೋಬಲದಿಂದ ಕಡತ ಓದಿದ್ದೀರಾ?

ಮೆಟ್ಟಿಲಿಳಿಯುವಾಗ ಅವರು ನನಗೆ ಹೇಳಿದ್ದನ್ನು ತಮಗೆ ಹೇಳಬೇಕಿತ್ತು. "ಉಪವಾಸದಲ್ಲಿ ಊರೇ ಜೊತೆಗಿರುತ್ತೆ. ಯಾರ ಮನೇಲೂ ಮಾಂಸ, ಮೊಟ್ಟೆ ಮಾಡಿರಲ್ಲ, ಮುಗಿಯೋ ದಿನಾನೂ ಗೊತ್ತಿರುತ್ತೆ. ಮಿಕ್ಕ ದಿನ ನಾನೊಬ್ಬನೇ ಕಣೇ."

ಚಪಲ ಮರಳಿತು, ತೂಕವೂ ಮರಳಿತು, ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಅಡುಗೆಮನೆಯ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಅವರೇ ನನಗೆ ಕೊಟ್ಟರು. ಆಮೇಲೆ ಅದನ್ನೇ ಬೇಡುತ್ತಿದ್ದರು, ನನ್ನ ಮುಖ ನೋಡದೆ. ಹೃದಯ ಅಷ್ಟು ದಿನ ಕಾಯಲಿಲ್ಲ.

ಬರುವ ಭಾನುವಾರ ಅವರ ನಲವತ್ತನೇ ದಿನ. ಸತ್ತವರ ಹೆಸರು ಹೇಳಿ ಬದುಕಿರುವವರಿಗೆ ಏನು ಕೊಟ್ಟರೂ ಅದು ಆ ಸತ್ತವರಿಗೇ ಮುಟ್ಟುತ್ತದೆ. ತಾವೂ ತಮ್ಮ ಮನೆಯ ಹಿರಿಯರಿಗೆ ಕೊಟ್ಟಿರುತ್ತೀರಿ. ನಾನು ಹೊದಿಕೆ, ಮೇಣದಬತ್ತಿ ಕೊಡುತ್ತೇನೆ; ಆ ದಿನ ಹಂಚುವ ಸಿಹಿ ಗೋಧಿಯೂ ಒಲೆಯ ಮೇಲಿದೆ. ಆದರೆ ತಿನ್ನುವುದನ್ನು ಕಳಿಸಲು ಕೈ ಬರುತ್ತಿಲ್ಲ. ಅವರು ಬೇಡಿಕೊಂಡದ್ದು ಅದರಿಂದ ಬಿಡುಗಡೆಯನ್ನು, ಆ ಬಿಡುಗಡೆ ಇರುವುದು ತಮ್ಮ ಬಳಿ.

ನಮ್ಮ ಕೆಳಗಿನ ಮನೆಯ ಸಾಂಡಾ ಅವರ ಅರ್ಜಿ ಈಗ ತಮ್ಮ ಮುಂದಿದೆ. ಅವರೂ ಉಪವಾಸ ಹಿಡಿಯುತ್ತಾರೆ, ದಯವಿಟ್ಟು ಅದನ್ನು ಕೇಳಬೇಡಿ. ಔಷಧಿ ಕೊಡಿ. ಕೊಡುವಾಗ ನನ್ನ ಗಂಡನ ಹೆಸರು ಹೇಳಿ, ಅವರಿಗೆ ಮುಟ್ಟಲಿ.

ಇಂತಿ,
ಬೀರುವಿನ ಕೀಲಿಯನ್ನು ಇನ್ನೂ ಜೇಬಿನಲ್ಲೇ ಇಟ್ಟುಕೊಂಡಿರುವ
ಜಮ್ಫೀರಾ