ಈಜು ಆಕೆಯದು, ಓಟ ನನ್ನದು

ಕೂಕಟ್‌ಪಲ್ಲಿ, ಹೈದರಾಬಾದ್
೧೦ ನವೆಂಬರ್ ೨೦೧೩, ಭಾನುವಾರ

ನನ್ನ ಬಂಡೆಕ್ಕನಿಗೆ,

ದೂರದಿಂದಲೇ ನಿನ್ನ ಕಾಲು ಮುಟ್ಟಿ ಬರೆಯಲು ಕುಳಿತಿದ್ದೇನೆ. ದೀಪಾವಳಿಗೆ ನೀನು ಲಿಂಗಸುಗೂರಿನಿಂದ ಬಸ್ಸಿಗೆ ಹಾಕಿ ಕಳಿಸಿದ ಕರ್ಚಿಕಾಯಿ ಡಬ್ಬಿ ಬಂದು ಮುಟ್ಟಿತು. ಮುಕ್ಕಾಲು ಪಾಲು ನಾನೇ ತಿಂದೆ. ದಾನೇಶ್ವರಿ ಒಂದನ್ನು ಮುರಿದು ಅರ್ಧ ತಿಂದಳು, ಉಳಿದರ್ಧವನ್ನು ಸ್ವಲ್ಪ ಹೊತ್ತು ನೋಡಿ ವಾಪಸ್ ಡಬ್ಬಿಗೆ ಇಟ್ಟಳು.

ಫೋನಿನಲ್ಲಿ ಮಾತಾಡಿದರೆ ನಿನಗೆ ಈಗ ಕೇಳಿಸುವುದಿಲ್ಲ ಎಂದು ನಿನ್ನ ಮಗ ಬಸವರಾಜ ಹೇಳಿದ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಈ ಸಂಗತಿಯನ್ನು ಕೂಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ, ಅದೂ ಒಳಕೋಣೆಯಲ್ಲಿ ದಾನೇಶ್ವರಿ ಇರುವಾಗ. ಅವನ ಕೈಲಿ ನೀನು ಕೇಳಿಸಿದ್ದೀ: "ಅಮರಯ್ಯನ ಹೇಂತಿ ಅವನ್ನ ಕೂಸಿನಂಗ ಹೊತಗೊಂಡು ಕೆಳಗ ಇಳಿದಳಂತ, ಖರೇ ಏನು?" ಖರೆ ಅಕ್ಕ. ಸುದ್ದಿ ನಿನ್ನವರೆಗೂ ಬಂದಿದೆ ಎಂದರೆ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಹೊತ್ತದ್ದು ಕಥೆಯ ನಡುಭಾಗ. ನನಗೆ ತಿಳಿಯದೇ ಇರುವುದು ಅದರ ಮುಂದಿನದು.

ಕಳೆದ ವರ್ಷ ಮಗಳು ಗಾನವಿ ಓದಲು ಹುಬ್ಬಳ್ಳಿಯ ಹಾಸ್ಟೆಲ್ ಸೇರಿದಳಲ್ಲ, ಆಗ ಶುರುವಾಯಿತು. ದಾನೇಶ್ವರಿಯ ಮಾದಾಪುರದ ಆಫೀಸಿನಲ್ಲಿ ಭವಾನಿ ಎಂಬ ಉಡುಪಿ ಕಡೆಯ ಹುಡುಗಿ ಇದ್ದಾಳೆ. ಅವಳೂ ಅವಳ ಗಂಡ ದಿನೇಶನೂ ಟ್ರಯಥ್ಲಾನ್ ಎಂಬ ಸ್ಪರ್ಧೆಯ ಹುಚ್ಚು ಹಿಡಿಸಿಕೊಂಡವರು. ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಸೈಕಲ್ ಇಳಿದ ಕಾಲಲ್ಲೇ ಓಡಬೇಕು. ನಡುವೆ ಒಂದು ಕಪ್ ಚಹಾ ಕೂಡ ಇಲ್ಲ. ಇದಕ್ಕೆ ಜನ ತಾವಾಗಿಯೇ ಹೆಸರು ಕೊಡುತ್ತಾರೆ. ನನ್ನ ಹೆಂಡತಿಯೂ ಕೊಟ್ಟಳು, ನಲವತ್ತಾರನೆಯ ವಯಸ್ಸಿನಲ್ಲಿ.

ಯಾಕೆ ಎಂದು ಕೇಳಿದೆ. "ನನಗೂ ಗೊತ್ತಿಲ್ರಿ. ಮಾಡಬೇಕನಸೇತಿ, ಮಾಡಾಕತ್ತೀನಿ," ಎಂದಳು. ಡಾಕ್ಟರ್ ಏನಾದರೂ ಹೇಳಿದರೋ ಎಂದರೆ ಇಲ್ಲ. ತೂಕ ಇಳಿಸಬೇಕೋ ಎಂದರೆ ಅದೂ ಅಲ್ಲ. ಹಾಗಾದರೆ ಮತ್ತೇನು? ಕಾರಣವಿಲ್ಲದೆ ಮನುಷ್ಯ ನಸುಕಿನಲ್ಲಿ ಎದ್ದು ತಣ್ಣೀರಿಗೆ ಹಾರುತ್ತಾನೆಯೇ?

ಒಂದು ಸಂಜೆ ನಮ್ಮ ಬೀದಿಯ ಜಿಮ್‌ಗೆ ಆಕೆಯನ್ನು ಕರೆಯಲು ಹೋದೆ. ಗಾಜಿನ ಆಚೆ ಹುಡುಗರ ನಡುವೆ ಚೂಡಿದಾರದ ದುಪ್ಪಟ್ಟಾ ತೆಗೆದಿಟ್ಟು ನಿಂತಿದ್ದಳು. ಎರಡೂ ತುದಿಗೆ ಕಬ್ಬಿಣದ ಬಿಲ್ಲೆ ತೂರಿಸಿದ ಸಲಾಕೆಯನ್ನು ನೆಲದಿಂದ ಎತ್ತಿ ನೆಟ್ಟಗೆ ನಿಂತಳು. ಮುಖ ಕೆಂಪಾಗಿತ್ತು, ಹಲ್ಲು ಕಚ್ಚಿದ್ದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯ ಆ ಮುಖ ನನಗೆ ಪರಿಚಯವೇ ಇರಲಿಲ್ಲ. ಒಳಗೆ ಹೋಗದೆ ಹಾಗೇ ಮನೆಗೆ ಬಂದೆ. ಹೊಟ್ಟೆಕಿಚ್ಚು ಅನ್ನೋಣವೆಂದರೆ ಯಾರ ಮೇಲೆ? ಸಲಾಕೆಯ ಮೇಲೆಯೇ?

ಇನ್ನು ಹೊತ್ತ ಕಥೆ. ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ, ಮಧ್ಯಾಹ್ನ. ಸ್ಪರ್ಧೆಗೆ ಎರಡೇ ವಾರ ಉಳಿದಿತ್ತು. ಕರೆಂಟ್ ಹೋಗಿತ್ತು, ಲಿಫ್ಟ್ ನಿಂತಿತ್ತು. ಊಟದ ಮೇಲೆ ನಾನು ಕೆಳಗಿನ ಅಂಗಡಿಯ ಮಿರ್ಚಿ ಬಜ್ಜಿ ತರಿಸಿ ತಿಂದಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ ಎದೆಯ ನಡುವೆ ಯಾರೋ ಮೊಣಕಾಲೂರಿ ಕುಳಿತಂತಾಯಿತು. ಬೆವರು ಕಿತ್ತುಕೊಂಡು ಬಂತು, ಎಡಗೈ ಜೋಮು ಹಿಡಿಯಿತು. ನಮ್ಮಪ್ಪ ಹೋದದ್ದು ಹೀಗೆಯೇ ಅಲ್ಲವೇ ಅಕ್ಕ? ನಾನು ಹೊರಟೆ ಎಂದೇ ತಿಳಿದೆ.

ದಾನೇಶ್ವರಿ ಕಿರುಚಲಿಲ್ಲ, ಅಳಲಿಲ್ಲ. ಬಾಲ್ಕನಿಯಿಂದ ವಾಚ್‌ಮನ್ ಸಾಬಣ್ಣನಿಗೆ ಆಟೋ ನಿಲ್ಲಿಸಲು ಕೂಗಿ ಹೇಳಿದಳು. ನನ್ನೆದುರು ಬೆನ್ನು ತಿರುಗಿಸಿ ಕುಳಿತಳು. "ಕೊರಳಿಗೆ ಕೈ ಹಾಕ್ರಿ. ಮಾತಾಡಬ್ಯಾಡ್ರಿ," ಎಂದಳು. ನಾನು ಏನೋ ಅನ್ನುವಷ್ಟರಲ್ಲಿ ನೆಲ ನನ್ನ ಕಾಲಿನಿಂದ ದೂರವಾಗಿತ್ತು. ಮೂರನೆಯ ಮಹಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದಳು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದವು. "ಅಯ್ಯಯ್ಯೋ, ಏಮೈಂದಿ?" ಎಂದು ಕೆಳಗಿನ ಮನೆಯವರು ತೆಲುಗಿನಲ್ಲಿ ಕೇಳುತ್ತಿದ್ದರು. ನನಗೆ ಸಾಯುವ ಭಯ ಒಂದು ಕಡೆ, ಇವರೆಲ್ಲ ನೋಡುತ್ತಿದ್ದಾರಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ. ಸಾಯುವವನಿಗೆ ನಾಚಿಕೆ ಯಾಕೆ ಬರಬೇಕು?

ಕಡೆಯ ತಿರುವಿನಲ್ಲಿ ಯಾರೋ ನೀರು ಚೆಲ್ಲಿದ್ದರು. ಆಕೆಯ ಕಾಲು ಜಾರಿತು, ಮೊಣಕಾಲು ಹೊರಳಿತು. ನನ್ನನ್ನು ಮಾತ್ರ ಬಿಡಲಿಲ್ಲ. "ಅಕ್ಕೋರೆ, ನಾ ಹಿಡಿತೀನಿ ಬಿಡ್ರಿ," ಎಂದು ಸಾಬಣ್ಣ ಓಡಿಬಂದ. ಇಬ್ಬರೂ ಸೇರಿ ನನ್ನನ್ನು ಆಟೋದಲ್ಲಿ ಹಾಕಿದರು.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿದರು, ರಕ್ತ ತೆಗೆದರು. ಸಂಜೆಯವರೆಗೂ ಮಲಗಿಸಿದರು. ಕೊನೆಗೆ ಡಾಕ್ಟರ್ ಬಂದು, "ಹಾರ್ಟ್‌ಗೇನೂ ಆಗಿಲ್ಲ ಸಾರ್. ಗ್ಯಾಸ್," ಎಂದರು. ದಾನೇಶ್ವರಿ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆಮೇಲೆ ನೀರು ಮಾತ್ರ ಉಳಿಯಿತು, ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬೆಂಚಿನಿಂದ ಏಳಲು ಹೋದಳು, ಏಳಲಾಗಲಿಲ್ಲ. ಮೊಣಕಾಲು ಊದಿ ದಪ್ಪವಾಗಿತ್ತು. ನನಗೆ ಬರೆದುಕೊಟ್ಟದ್ದು ಹೊಟ್ಟೆಯ ಗುಳಿಗೆ. ಆಕೆಗೆ ಬಿದ್ದದ್ದು ಮೊಣಕಾಲಿಗೆ ಪಟ್ಟಿ, ಮೇಲೆ ಡಾಕ್ಟರ ಕಟ್ಟಪ್ಪಣೆ: ಸೈಕಲ್ ಬೇಡ, ಓಟವಂತೂ ಬೇಡವೇ ಬೇಡ, ನೋವಿಲ್ಲದಿದ್ದರೆ ನೀರಲ್ಲಿ ಮೆಲ್ಲಗೆ ಕೈ ಆಡಿಸಬಹುದು.

ವರ್ಷದ ಶ್ರಮ ಅಕ್ಕ. ಒಂದು ತೇಗಿಗೆ ಹೋಯಿತು.

 ಆಕೆ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೊಣಕಾಲಿಗೆ ಐಸ್ ಇಟ್ಟುಕೊಂಡು ಕಿಟಕಿಯ ಆಚೆ ಮೆಟ್ರೊ ಕಂಬ ಕಟ್ಟುವುದನ್ನು ನೋಡುತ್ತ ಕೂರುತ್ತಿದ್ದಳು. ನನ್ನಿಂದ ನೋಡಲಾಗಲಿಲ್ಲ. ದಿನೇಶನಿಗೆ ಫೋನ್ ಮಾಡಿದೆ. ಈ ಸ್ಪರ್ಧೆಯಲ್ಲಿ ಮೂವರು ಹಂಚಿಕೊಳ್ಳುವ ಪದ್ಧತಿಯೂ ಉಂಟಂತೆ: ಒಬ್ಬರು ಈಜುವುದು, ಒಬ್ಬರು ಸೈಕಲ್, ಒಬ್ಬರು ಓಟ. ಅವನು ಆ ಸಲ ಹೆಸರು ಕೊಟ್ಟಿರಲಿಲ್ಲ, ಸೈಕಲ್ ತಾನು ತುಳಿಯುತ್ತೇನೆ ಎಂದ. ಓಡಲು ಯಾರೂ ಸಿಗಲಿಲ್ಲ. ನಾನೇ ಓಡುತ್ತೇನೆ ಎಂದೆ. ನೀವೇನಾ ಎಂದು ಅವನು ಎರಡು ಸಲ ಕೇಳಿದ.

ನಡೆಸುವವರ ಹತ್ತಿರ ನಾನೇ ಹೋಗಿ ದಾನೇಶ್ವರಿಯ ಒಂಟಿ ಹೆಸರನ್ನು ತೆಗೆಸಿ ಮೂವರ ತಂಡ ಎಂದು ಬರೆಸಿದೆ. ಆಕೆಗೆ ಸ್ಪರ್ಧೆಯ ಹಿಂದಿನ ದಿನ ಹೇಳಿದೆ, ಹುಟ್ಟುಹಬ್ಬದ ಉಡುಗೊರೆ ಕೊಡುವವನ ಹಾಗೆ. ಆಕೆ ನನ್ನನ್ನು ನೋಡಿದಳು. "ಆತು," ಎಂದಳು. ಒಳಗೆ ಹೋಗಿ ಬ್ಯಾಗ್ ತುಂಬಿದಳು. ಖುಷಿಯಾಗಿದೆ ಎಂದೇ ನಾನು ತಿಳಿದುಕೊಂಡೆ.

ಆ ಬೆಳಿಗ್ಗೆ ಆಕೆ ಈಜಿದ್ದನ್ನು ನೀನು ನೋಡಬೇಕಿತ್ತು. ಕಾಲನ್ನು ಹಿಂದೆ ಸುಮ್ಮನೆ ತೇಲಬಿಟ್ಟು ಬರೀ ತೋಳಿನಿಂದಲೇ ನೀರನ್ನು ಸೀಳಿಕೊಂಡು ಹೋದಳು. ಅರ್ಧಕ್ಕರ್ಧ ಹುಡುಗರನ್ನು ಹಿಂದೆ ಹಾಕಿದಳು. ನನ್ನ ಪಕ್ಕದಲ್ಲಿ ಭವಾನಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ದಾನೇಶ್ವರಿ ಹೊರಬಂದು ಕುಂಟುತ್ತ, ಕಾಲಿಗೆ ಕಟ್ಟಿದ್ದ ಸಮಯ ಅಳೆಯುವ ಪಟ್ಟಿ ಬಿಚ್ಚಿ ದಿನೇಶನಿಗೆ ಕೊಟ್ಟಳು. ಅವನು ಸೈಕಲ್ ತುಳಿದು ಬಂದು ಅದನ್ನು ನನ್ನ ಕಾಲಿಗೆ ಕಟ್ಟಿದ.

ನಾನು ಓಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ತಿರುವಿನವರೆಗೆ ಓಡಿದೆ. ಆಮೇಲೆ ನಡೆದೆ, ನಿಂತೆ, ಮತ್ತೆ ನಡೆದೆ. ಐದು ಕಿಲೋಮೀಟರ್ ಅಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. "ಸರ್, ಹೆದರ್ಬೇಡಿ ಮಾರಾಯ್ರೆ, ಉಸಿರು ಬಿಡ್ತಾ ಇರಿ," ಎಂದು ಭವಾನಿ ಬದಿಯಲ್ಲಿ ನಡೆಯುತ್ತ ಬಂದಳು. ನಾನು ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಆದರೂ ಯಾರೋ ಕೊರಳಿಗೆ ಪದಕ ಹಾಕಿದರು, ಉಳಿದವರು ಚಪ್ಪಾಳೆ ತಟ್ಟಿದರು. ಐವತ್ತೊಂದು ವರ್ಷದಲ್ಲಿ ನನಗೆ ಯಾರೂ ಹಾಗೆ ಚಪ್ಪಾಳೆ ತಟ್ಟಿರಲಿಲ್ಲ. ದಾನೇಶ್ವರಿ ಕುರ್ಚಿಯಲ್ಲಿ ಕುಳಿತೇ ನನಗೆ ನೀರಿನ ಬಾಟಲಿ ಕೊಟ್ಟಳು. ಮನೆಗೆ ಬರುವ ದಾರಿಯುದ್ದಕ್ಕೂ ಹೊರಗೇ ನೋಡುತ್ತ ಕುಳಿತಳು.

ಮನೆಗೆ ಬಂದು ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದಳು. ಹಿಂದೆ ಹೋಗಿ ನಿಂತು, ಏನಾಯಿತೆಂದು ಕೇಳಿದೆ.

"ನನ್ನ ಹೆಸರು ತಗಸಾಕ ನಿಮಗ ಯಾರು ಹೇಳಿದ್ರು?" ಎಂದಳು.

"ನಿನ್ನ ಕಾಲಿಗೆ ನೋವು ಅಂತ..."

"ಕಾಲು ಯಾರದು?"

ಟವೆಲ್ಲನ್ನು ಜಾಡಿಸಿ ತಂತಿಗೆ ಹಾಕಿದಳು.

"ಈಜಿ, ಅಲ್ಲಿಗೇ ನಿಂದ್ರಾಕಿ ಇದ್ದೆ. ಅಷ್ಟ ಮಾಡಿ ಬರೂದು ಅಂತ ಠರಾಯಿಸಿದ್ದೆ. ಪದಕ ಬ್ಯಾಡ ಏನೂ ಬ್ಯಾಡ. ಈ ಮನಿ ಇಬ್ಬರದು. ಗಾನವಿ ಇಬ್ಬರ ಮಗಳು. ಆಫೀಸಿನ್ಯಾಗ ನಾ ಮಾಡಿದ್ದು ಯಾರ್ಯಾರದೋ ಹೆಸರಿಗೆ ಹೋಗ್ತೈತಿ. ಇದೊಂದು ನಂದಿತ್ತು. ಅರ್ಧಕ್ಕ ಬಿಟ್ಟು ಬಂದಿದ್ರೂ ಆ ಅರ್ಧ ನಂದ ಇರ್ತಿತ್ತು."

"ನೀನೂ ನನ್ನ ಕೇಳದ ಹೊತಗೊಂಡು ಹೋದಿ," ಎಂದೆ. ಯಾಕೆ ಹಾಗೆಂದೆನೋ.

ಆಕೆ ಬಟ್ಟೆಗೆ ಕ್ಲಿಪ್ ಹಾಕುವುದನ್ನು ನಿಲ್ಲಿಸಿದಳು. "ಹೌದು. ನೀವು ಸಾಯಾಕತ್ತೀರಿ ಅನ್ಕೊಂಡಿದ್ದೆ. ನಾ ಏನು ಸಾಯಾಕತ್ತಿದ್ನೇನು?" ಎಂದು ಒಳಗೆ ಹೋದಳು. ತುಸು ಹೊತ್ತಿಗೆ ಊಟಕ್ಕೆ ಕರೆದಳು, ಎಂದಿನಂತೆಯೇ. ಅನ್ನಕ್ಕೆ ತುಪ್ಪವನ್ನೂ ಹಾಕಿದಳು. ಇದು ಸಿಟ್ಟೋ ಅಲ್ಲವೋ ನೀನೇ ಹೇಳು.

ಅದಾಗಿ ಸುಮಾರು ಒಂದು ತಿಂಗಳಾಯಿತು. ಮನೆ ಸರಿಯಾಗಿದೆ, ಮಾತುಕತೆ ಇದೆ. ಮೊಣಕಾಲು ವಾಸಿಯಾಗುತ್ತಿದೆ. ಬರುವ ವರ್ಷಕ್ಕೆ ಒಂಟಿಯಾಗಿ ಹೆಸರು ಕೊಡುತ್ತಾಳಂತೆ. ನಾನು ನೋಡಲು ಬರಲೇ ಎಂದೆ. "ಬರ್ರಿ. ಹಗ್ಗದ ಆಚೆ ನಿಂತು ನೋಡ್ರಿ," ಎಂದಳು. ಹೇಳುವಾಗ ನಕ್ಕಳು. ನಗು ಇದ್ದುದರಿಂದ ನನಗೆ ಇನ್ನಷ್ಟು ಗೊಂದಲ.

ನಾನು ಮಾಡಿದ್ದು ಪ್ರೀತಿಯಿಂದ ಅಕ್ಕ. ಪ್ರೀತಿಯಿಂದ ಮಾಡಿದ್ದು ಕಸಿದುಕೊಂಡಂತೆ ಹೇಗಾಗುತ್ತದೆ? ಆಕೆ ನನ್ನನ್ನು ಹೊತ್ತಳು, ನಾನು ಆಕೆಯ ಓಟವನ್ನು ಹೊತ್ತೆ. ಒಂದು ಸರಿ, ಇನ್ನೊಂದು ತಪ್ಪು ಹೇಗೆ? ಈ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿರುವಾಗ ನಿನ್ನ ನೆನಪಾಯಿತು. ಅಪ್ಪ, ತಮ್ಮ, ಭಾವ, ಮಕ್ಕಳು ಎಂದು ನಮ್ಮೆಲ್ಲರನ್ನೂ ನೋಡಿಕೊಂಡೆ. ನಿನ್ನದೇ ಎಂಬುದು ನಿನಗೇನಾದರೂ ಇತ್ತೇ? ನಾನು ಯಾವತ್ತೂ ಕೇಳಿಲ್ಲ. ಬಸವರಾಜನ ಕೈಲಿ ಬರೆಸಬೇಡ, ಅಕ್ಷರ ವಕ್ರವಾದರೂ ನೀನೇ ಬರೆ.

ತಲೆ ಕೆಟ್ಟಿರುವ, ಎದೆ ಮಾತ್ರ ಗಟ್ಟಿಯಿರುವ ನಿನ್ನ ತಮ್ಮ,
ಅಮರಯ್ಯ

ಮರೆತಿದ್ದೆ: ಇದನ್ನು ದಾನೇಶ್ವರಿಗೆ ಹೇಳಬೇಡ. ಕೆಲವು ದಿನದಿಂದ ಆಫೀಸಿಗೆ ಬೇಗ ಹೊರಡುತ್ತಿದ್ದೇನೆ. ಕೆಲಸ ಜಾಸ್ತಿ ಎಂದು ಆಕೆಗೆ ಹೇಳಿದ್ದೇನೆ. ಕೆಲಸವೇನೂ ಇಲ್ಲ. ನಾಂಪಲ್ಲಿಯಲ್ಲಿ ವಸ್ತುಪ್ರದರ್ಶನ ನಡೆಯುವ ನುಮಾಯಿಶ್ ಮೈದಾನದಲ್ಲಿ ಬೂಟು ಹಾಕಿಕೊಂಡು ಓಡುತ್ತೇನೆ. ಈಗ ನಿಲ್ಲದೆ ಎರಡು ಸುತ್ತು ಆಗುತ್ತದೆ. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ. ಆಮೇಲೆ ಸ್ಟೇಷನ್ ಎದುರು ಚಹಾ ಕುಡಿದು ಆಫೀಸಿಗೆ ಹೋಗುತ್ತೇನೆ. ಹೇಳಿದರೆ ಆಕೆಗೆ ಖುಷಿಯಾಗುತ್ತದೆ, ಅದು ನನಗೆ ಗೊತ್ತು. ಆದರೆ ಖುಷಿಯಲ್ಲಿ "ನಾನೂ ನಿಮ್ಮ ಜೋಡಿ ಬರ್ತೀನಿ" ಅಂದುಬಿಟ್ಟರೆ ಎಂಬ ಅಂಜಿಕೆ.