ಮಗಳ ಪಾಳಿಯ ಫೋನು

ಮಂಗಳವಾರ, ಬೆಳಿಗ್ಗೆ

ನನ್ನ ಮಗಳು ‘ಏಣಿ’ ಎಂದು ರೇಗಿಸುತ್ತಿದ್ದ ಉದ್ದ ಹುಡುಗಿಗೆ, ಅಮ್ಮನ ಆಶೀರ್ವಾದ.

ನಿನ್ನ ಕಾಗದ ಓದಿದೆ. ಮೇಲಿನವರು ನಿನ್ನನ್ನು ಎಲ್ಲರೆದುರು ಬೈದರು, ಪಾಳಿಯಿಂದ ತೆಗೆಯುವ ಮಾತೂ ಬಂದಿದೆ ಎಂದು ತಿಳಿದು ಕೂಡಲೇ ಇದನ್ನು ಬರೆಯಲು ಕೂತೆ. ಇಷ್ಟಾದರೂ ನೀನು ನನ್ನ ಸುದ್ದಿ ಎತ್ತಲಿಲ್ಲವಂತೆ. ಯಾಕೆ ಎತ್ತಲಿಲ್ಲ, ಹುಚ್ಚಿ? ಈ ಕಾಗದ ಅವರ ಕೈಗೆ ಕೊಡು.

ಅವರಿಗೆ ನನ್ನ ಅರಿಕೆ ಇಷ್ಟೆ. ನಿಮ್ಮ ಕೆಲಸವನ್ನು ಮಗಳು ನನಗೆ ಅಡುಗೆಮನೆಯಲ್ಲಿ ನಿಂತು ವಿವರಿಸಿದ್ದಳು. ಎಲ್ಲೋ ದೂರದಲ್ಲಿ ದೊಡ್ಡ ನಕ್ಷತ್ರವೊಂದು ಸಾಯುವಾಗ ಗಾಮಾ ಕಿರಣ ಫಳಕ್ಕನೆ ಸಿಡಿಯುತ್ತದೆ. ಆಕಾಶದಲ್ಲಿ ಸುತ್ತುವ ನಿಮ್ಮ ದೂರದರ್ಶಕ ಅದನ್ನು ಹಿಡಿದು, ತಾನೇ ಆ ಕಡೆ ಕತ್ತು ತಿರುಗಿಸಿ, ನಿಮ್ಮೆಲ್ಲರ ಫೋನಿಗೂ ಕರೆ ಕಳಿಸುತ್ತದೆ. ಒಬ್ಬರು ‘ನೋಡುತ್ತಿದ್ದೇನೆ’ ಎಂಬ ಗುಂಡಿ ಒತ್ತಿದರೆ ಉಳಿದವರ ಫೋನು ಸುಮ್ಮನಾಗುತ್ತದೆ. ಒತ್ತಿದವರು ಅದರ ಖಚಿತ ಜಾಗ ಹುಡುಕಿ, ನೆಲದ ಮೇಲಿನ ದೂರದರ್ಶಕಗಳಿಗೆ ತಿಳಿಸಬೇಕು. ತಡವಾದರೆ ಬೆಳಕು ಆರಿಹೋಗುತ್ತದೆ.

ಕರೆ ಬಂದಾಗ ಮಗಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದರೆ ಬಚ್ಚಲಿನಿಂದಲೇ ಕೂಗುತ್ತಿದ್ದಳು, “ಅಮ್ಮಾ, ಒತ್ತಿಬಿಡು, ಬಂದೆ.” ನಾನು ಒತ್ತುತ್ತಿದ್ದೆ. ಒದ್ದೆ ಕೂದಲಲ್ಲೇ ಓಡಿಬರುತ್ತಿದ್ದಳು. ಯಾರೋ ಸತ್ತರೆಂಬ ಹಾಗೆ ಓಡ್ತೀಯಲ್ಲೇ ಎಂದು ಒಮ್ಮೆ ಗದರಿದ್ದಕ್ಕೆ, “ಸತ್ತಿದೆ ಕಣಮ್ಮ. ನೋಡೋಕೆ ನಾವಾದ್ರೂ ಹೋಗ್ಬೇಡ್ವಾ?” ಎಂದಿದ್ದಳು. ಅಂದಿನಿಂದ ಕರೆ ಬಂದಾಗಲೆಲ್ಲ ಆ ನಕ್ಷತ್ರಕ್ಕೂ ಸದ್ಗತಿ ಕೊಡಪ್ಪ ಎಂದು ದೇವರಿಗೆ ಕೈಮುಗಿಯುತ್ತಿದ್ದೆ.

ಬರೀ ಜ್ವರ ಎಂದುಕೊಂಡು ಹೋದ ಆಸ್ಪತ್ರೆಯಿಂದ ಅವಳ ಚಪ್ಪಲಿ ಬಂತು, ಫೋನು ಬಂತು, ಅವಳು ಬರಲಿಲ್ಲ. ಫೋನಿಗೆ ದಿನಾ ಚಾರ್ಜು ಹಾಕುತ್ತಿದ್ದೆ. ಕಳೆದ ವಾರ ಅದು ಹೊಡೆದುಕೊಂಡಾಗ ಅಭ್ಯಾಸಬಲದಿಂದ ಕೈ ಹೋಯಿತು, ಒತ್ತಿಬಿಟ್ಟೆ. ಆ ಹೊತ್ತಿನ ಪಾಳಿಯಲ್ಲಿದ್ದ ಈ ಹುಡುಗಿಯ ಫೋನು ಸುಮ್ಮನಾಯಿತು. ಯಾರೂ ನೋಡದೆಯೇ ಆ ಬೆಳಕು ಆರಿತು. ತಪ್ಪು ನನ್ನದು, ಹುಡುಗಿಯದಲ್ಲ. ಬೈಯುವುದಿದ್ದರೆ ಮನೆಗೆ ಬನ್ನಿ, ಕೂತು ಕೇಳಿಸಿಕೊಳ್ಳುತ್ತೇನೆ.

ಇನ್ನು ನಿನಗೆ. ಪಾಳಿಯ ಪಟ್ಟಿಯಿಂದ ಅವಳನ್ನು ತೆಗೆಯಲು ಕೈ ಬರಲಿಲ್ಲ ಎಂದು ಬರೆದಿದ್ದೀಯ. ತೆಗೆದುಬಿಡು, ಮಗಳೇ. ಫೋನನ್ನು ಅವಳ ಹಳದಿ ದುಪ್ಪಟ್ಟಾದಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ದುಪ್ಪಟ್ಟಾ ನೀನೇ ಇಟ್ಟುಕೋ, ನಿನ್ನ ಎತ್ತರಕ್ಕೆ ಸಾಲದೇನೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನಗೂ ಅಮ್ಮನೇ ಆದವಳು

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಅವರಿಗೆ ತೋರಿಸಬೇಡ. ದೇವರಿಗೆ ಹೇಳಿಯಾಗಿದೆ, ನಿನಗೊಬ್ಬಳಿಗೆ ಹೇಳಬೇಕು. ಅಭ್ಯಾಸಬಲ ಎಂದದ್ದು ಸುಳ್ಳು. ನೋಡಿಕೊಂಡೇ ಒತ್ತಿದೆ. ಪರದೆಯ ಮೇಲೆ ಅವಳ ಹೆಸರು ಬಂದು, ಪಕ್ಕದಲ್ಲಿ ‘ನೋಡುತ್ತಿದ್ದಾರೆ’ ಎಂದು ಮೂಡಿತು. ಒಡನೆ ನಿನಗೆ ಫೋನು ಮಾಡಿದ್ದರೆ ಜಾಗ ಸಿಗುತ್ತಿತ್ತು, ಅದು ನನಗೆ ಗೊತ್ತಿತ್ತು. ಮಾಡಿದ್ದರೆ ಅವಳ ಹೆಸರು ಹೋಗಿ ನಿನ್ನ ಹೆಸರು ಬರುತ್ತಿತ್ತು.