ನೀಲಗರುಡನ ಎಡಗೈ

ಯಪ್ಪಾ,

ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾರ ಕೈಲಾದರೂ ಓದಿಸಿಕೋ. ಅಲ್ಲಿಯೂ ಗೋಡೆ ಕಟ್ಟುವ ಕೆಲಸವಿದ್ದರೆ ನಮ್ಮ ಯಾದಗಿರಿ ಕಡೆಯವರು ನಾಲ್ಕು ಜನ ಇದ್ದೇ ಇರುತ್ತಾರೆ.

ಆ ಸಂಜೆ ನೀನು ಮಾದಾಪುರದ ಕೆಲಸದಿಂದ ಬಂದು, ಕೈಕಾಲು ಸಹ ತೊಳೆಯದೆ ಬಾಗಿಲಲ್ಲಿ ನಗುತ್ತ ಕೂತದ್ದು ಕಣ್ಣಿಗೆ ಕಟ್ಟಿದಂತಿದೆ. ಆಗ ಅಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದವು, ನೀನು ಅವುಗಳಿಗೆ ಕೆಲಸದವರು ಹತ್ತಿ ನಿಲ್ಲುವ ಬೊಂಬಿನ ಸಾರುವೆ ಕಟ್ಟುತ್ತಿದ್ದೆ. "ಇವತ್ತ ನಾ ಹಾರಿ ಬಂದೆ ನೋಡವಾ," ಅಂದೆ. ಟೀವಿಗಾಗಿ ನೀಲಗರುಡನ ಸಿನಿಮಾ ತೆಗೆಯುವವರು ಬಂದಿದ್ದರಂತೆ. ಅಷ್ಟೆತ್ತರದಿಂದ ಜಿಗಿಯಬೇಕಾದವನು ಕೆಳಗೆ ನೋಡಿ ಕಾಲ್ಕಿತ್ತನಂತೆ. ಮೇಸ್ತ್ರಿ ನಿನ್ನನ್ನು ಮುಂದೆ ತಳ್ಳಿದ. ನೀಲಿ ಅಂಗಿ, ಮುಖಕ್ಕೆ ಮುಸುಕು, ಸೊಂಟಕ್ಕೆ ಹಗ್ಗ. "ಚೊಣ್ಣ ಭಾಳ ಬಿಗಿ ಇತ್ತವಾ, ಉಸುರ ಬಿಡಾಕ ಆಗಲಿಲ್ಲ." ಅವ್ವ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ನೀಲಗರುಡ ಎಂದರೆ ನನಗೆ ದೇವರ ಸಮಾನ, ಗೆಳತಿ ಸುಧಾಳ ಚಿತ್ರಕಥೆ ಪುಸ್ತಕಗಳನ್ನು ಹಾಳೆ ಹರಿಯುವಷ್ಟು ಓದಿದ್ದೆ. ಸಿಮೆಂಟು ಮೆತ್ತಿದ ನೀನು ನೀಲಗರುಡ ಆಗುವುದೆಂದರೇನು?

ಅದು ಟೀವಿಯಲ್ಲಿ ಬಂದ ಭಾನುವಾರ ಮಧ್ಯಾಹ್ನ, ಸುಧಾಳ ಮನೆಯಲ್ಲಿ ಓಣಿಯ ಮಕ್ಕಳೆಲ್ಲ ಸೇರಿದ್ದೆವು. ಅವಳಪ್ಪ ಧಾರವಾಡದವರು, ಕುಷಾಯಿಗೂಡದ ಫ್ಯಾಕ್ಟರಿಯಲ್ಲಿ ನೌಕರಿ. ನೀನು ಸ್ನಾನ ಮಾಡಿ, ಹಬ್ಬದ ಅಂಗಿ ತೊಟ್ಟು ಬಂದು ಹೊಸ್ತಿಲ ಹೊರಗೇ ನಿಂತೆ. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ನೀಲಗರುಡ ಕಟ್ಟಡದ ತುದಿಗೆ ಬಂದ. ಅಲ್ಲಿದ್ದ ಕಂಬವನ್ನು ಎಡಗೈಯಿಂದ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಜಿಗಿದ.

"ಇದ್ಯಾಕ ಹಿಂಗ ಮಾಡಿದ? ಪುಸ್ತಕದಾಗ ಹಿಂಗ ಇಲ್ಲಲ್ಲ," ಅಂದಳು ಸುಧಾ.

"ಅವ ನಾನಾ ನೋಡವಾ," ಅಂದೆ ನೀನು, ಮೆಲ್ಲಗೆ.

ಮಕ್ಕಳೆಲ್ಲ ಹೋ ಎಂದು ನಕ್ಕರು. ಆಗ ನಾನು ಏನಂದೆ, ನೆನಪಿದೆಯಲ್ಲ? "ನಮ್ಮಪ್ಪ ಸುಳ್ಳ ಹೇಳತಾನ. ಅವ ಬರೇ ಬೊಂಬು ಕಟ್ಟಾಂವ." ನೀನು ಚಪ್ಪಲಿ ಮೆಟ್ಟಿಕೊಂಡೆ. ಕೊನೆಗೆ ಹೆಸರುಗಳು ಬಂದವು, ನಿನ್ನ ಹೆಸರಿರಲಿಲ್ಲ. ನಾನೇ ಗೆದ್ದೆನೆಂದು ಎಲ್ಲರಿಗೂ ತೋರಿಸಿದೆ. ಥೂ, ಎಂಥ ಮಗಳು ನಾನು. ಆಮೇಲೆ ನೀನು ಆ ಸಿನಿಮಾದ ಸುದ್ದಿಯನ್ನು ನನ್ನ ಮುಂದೆ ಎತ್ತಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಅವ್ವನಿಗೆ ಜ್ವರ, ನಿನ್ನ ಬುತ್ತಿ ತಗೊಂಡು ನಾನೇ ಬಂದಿದ್ದೆ. ನೀನು ನನ್ನನ್ನು ನೋಡಿರಲಿಲ್ಲ. ಬಲಗೈಯಲ್ಲಿ ಹಗ್ಗದ ಸುರುಳಿ ಹಿಡಿದು ಸಾರುವೆಯ ಬುಡಕ್ಕೆ ಹೋದೆ. ಎಡಗೈಯಿಂದ ಬೊಂಬು ಮುಟ್ಟಿದೆ, ಕಣ್ಣಿಗೆ ಒತ್ತಿಕೊಂಡೆ, ಸರಸರ ಹತ್ತಿದೆ. ಟೀವಿಯಲ್ಲಿ ಜಿಗಿದವನು ಮಾಡಿದ್ದೂ ಇದನ್ನೇ. ಇಳಿದು ಬಂದ ಮೇಲೆ ಹೇಳಬೇಕೆಂದಿದ್ದೆ, ಯಪ್ಪಾ, ನಾಲಿಗೆ ತುದಿಗೆ ಬಂದಿತ್ತು. "ಬಿಸಲಾಗ ಯಾಕ ಬಂದ್ಯವಾ?" ಅಂತ ನೀನು ನನ್ನ ತಲೆಗೆ ನಿನ್ನ ಟವೆಲು ಹೊದಿಸಿದೆ. ನಾನು ಬುತ್ತಿ ನಿನ್ನ ಕೈಗಿಟ್ಟು ಮನೆಗೆ ಓಡಿದೆ.

ನೀನು ಎದೆನೋವಿನಿಂದ ತೀರಿಕೊಂಡ ವರ್ಷ ಅವ್ವ ಉಳಿದದ್ದನ್ನು ಹೇಳಿದಳು. ಹಾಗೆ ಕಂಬ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಡ, ಪುಸ್ತಕದಲ್ಲಿ ಇಲ್ಲ ಎಂದು ಡೈರೆಕ್ಟರು ಮೂರು ಸಲ ಕೂಗಾಡಿದರಂತೆ. "ಮುಟ್ಟಲಾರದ ನಾ ಜಿಗಿಯಂಗಿಲ್ರಿ ಸಾಹೇಬ್ರ, ಬೇಕಂದ್ರ ಇಳದು ಹೋಗತೀನಿ," ಅಂದೆಯಂತೆ. ನೋಡು, ಇದನ್ನು ಅವತ್ತೇ ನನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು ನಂಬುತ್ತಿದ್ದೆನೇ?

ಈಗ ಸುದ್ದಿ ಕೇಳು. ಹೋದ ವಾರ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ನೀಲಗರುಡನ ಹೊಸ ಪುಸ್ತಕ ಕಂಡೆ. ಆ ಸಿನಿಮಾ ನೋಡಿ ಹೊಸದಾಗಿ ಬರೆದ ಚಿತ್ರಗಳು. ನಿನ್ನ ಮೊಮ್ಮಗಳು ತಿರುವಿ ಹಾಕುತ್ತ ಕೇಳಿದಳು: "ಅವ್ವಾ, ಇಂವ ಹಾರೂಕಿಂತ ಮೊದಲ ಎಡಗೈಲೆ ಕಂಬ ಮುಟ್ಟಿ ಕಣ್ಣಿಗೆ ಯಾಕ ಒತ್ತಿಗೋತಾನ?" ನೋಡಿದೆ. ಪ್ರತಿಯೊಂದು ಕಥೆಯಲ್ಲೂ, ಪ್ರತಿ ಸಲವೂ, ಎಡಗೈಯೇ. ನಿನ್ನ ಕೈ, ಯಪ್ಪಾ.

ಅಂಗಡಿ ತುಂಬ ಜನ. ಎಲ್ಲರಿಗೂ ಕೇಳುವ ಹಾಗೆ ಅಂಗಡಿಯವನಿಗೆ ಹೇಳಿದೆ: "ಯೇ ಹಮಾರೇ ಬಾವಾ ಹೈಂ," ಇವರು ನಮ್ಮಪ್ಪ ಅಂತ. ಅವನು ನಕ್ಕ. ಪಕ್ಕದವರೂ ನಕ್ಕರು. ನೀನು ಆವತ್ತು ಹೊಸ್ತಿಲಲ್ಲಿ ನಿಂತ ಹಾಗೆ ನಾನೂ ನಿಂತೆ.

ಮಗಳು ಮಾತ್ರ ನಗಲಿಲ್ಲ. "ಖರೇನಾ? ನಿಮ್ಮಪ್ಪನಾ? ನಮ್ಮ ಮುತ್ಯಾನ?" ಅಂದಳು. ಹೌದು ಎಂದೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕಂಬಕ್ಕೆ ಎಡಗೈ ತಾಗಿಸಿ, ಕಣ್ಣಿಗೆ ಒತ್ತಿಕೊಂಡು, ಅವಳು ಜಿಗಿದಳು.

ನಿನ್ನ ಮಗಳು,
ಮಲ್ಲಮ್ಮ